ಊಟಕ್ಕೆ ತೊಂದರೆ ಇಲ್ಲ

ಒಬ್ಬ ಮನುಷ್ಯನ ಕಾಯಿಲೆ, ಅವನ ಮನೆಯ ಜಗಳ, ಅಣ್ಣತಮ್ಮಂದಿರ ಕೋರ್ಟು ವ್ಯಾಜ್ಯ, ಇವನ್ನೆಲ್ಲ ನಾನು ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರ ಬಾಯಿಂದಲೇ ಕೇಳಿ ತಿಳಿದುಕೊಂಡಿದ್ದೇನೆ. ಹಾಸನದಲ್ಲಿ ಹತ್ತಿದವರೊಬ್ಬರು ಹೊಳೆನರಸೀಪುರ ಬರುವುದರೊಳಗೆ ತಮ್ಮ ಮೂಲವ್ಯಾಧಿಯ ಆಪರೇಷನ್ನಿನ ಸಾದ್ಯಂತ ವಿವರ ಕೊಟ್ಟು, ಇಳಿಯುವಾಗ "ನಿಮಗೂ ಬೇಕಾದ್ರೆ ಆ ಡಾಕ್ಟ್ರು ಒಳ್ಳೆಯವರು" ಎಂದು ಶಿಫಾರಸನ್ನೂ ಮಾಡಿದ್ದರು. ಅಂಥವರನ್ನೇ "ವರ್ಷಕ್ಕೆ ಎಷ್ಟು ದುಡಿಯುತ್ತೀರಿ ಸ್ವಾಮಿ?" ಎಂದು ಕೇಳಿ ನೋಡಿ. ತಕ್ಷಣ ಕಿಟಕಿಯ ಕಡೆ ತಿರುಗಿ ಹೊರಗಿನ ಬಯಲನ್ನು ಗಮನವಿಟ್ಟು ನೋಡತೊಡಗುತ್ತಾರೆ. ನಮ್ಮ ಕಡೆಯ ಜನ ಗುಟ್ಟು ಎಂದು ಕಾಪಾಡಿಕೊಂಡು ಬಂದಿರುವುದು ಇದೊಂದನ್ನೇ. ನನ್ನ ದುರದೃಷ್ಟಕ್ಕೆ, ನನ್ನ ಹೊಟ್ಟೆಪಾಡು ನಿಂತಿರುವುದೇ ಈ ಪ್ರಶ್ನೆಯನ್ನು ಕೇಳುವುದರ ಮೇಲೆ.

ನಾನು ಹೊಳೆನರಸೀಪುರದಲ್ಲಿ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವವನು. ಬಸ್‌ಸ್ಟ್ಯಾಂಡಿಗೆ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಆಫೀಸು. ಯೂರಿಯಾದ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ, ಅದರ ಹಿಂದೆ ಕಕ್ಷಿದಾರರು ಬರುತ್ತಾರೆ. ಎಲ್ಲರೂ ನನ್ನನ್ನು 'ಆಡಿಟ್ರು' ಎನ್ನುತ್ತಾರೆ. ನಾನು ಆಡಿಟರ್ ಅಲ್ಲ. ಆ ಪರೀಕ್ಷೆಗೆ ಕಟ್ಟಿದ್ದೆ, ಅದು ನನ್ನನ್ನು ಒಪ್ಪಲಿಲ್ಲ. ಹಾಸನದ ದೊಡ್ಡ ಆಡಿಟರೊಬ್ಬರ ಕೈಕೆಳಗೆ ಕೆಲವು ವರ್ಷ ಫೈಲು ಹೊತ್ತು, ಆಮೇಲೆ ಇಲ್ಲಿಗೆ ಬಂದು ಬೋರ್ಡು ಹಾಕಿಕೊಂಡವನು. ಸಂಬಳದವರು ನನ್ನ ಹತ್ತಿರ ಬರುವುದು ಕಡಿಮೆ. ಅವರ ಲೆಕ್ಕವನ್ನು ಅವರ ಕಚೇರಿಯೇ ಮಾಡಿ ಕೈಗೆ ಕೊಡುತ್ತದೆ. ಬರುವವರೆಲ್ಲ ಯಾರ ಕೈಕೆಳಗೂ ಇಲ್ಲದವರು. ಮದುವೆಗೆ ಫೋಟೋ ತೆಗೆಯುವವರು, ಅಡುಗೆ ಗುತ್ತಿಗೆಯವರು, ಶಾಮಿಯಾನದವರು, ಜೆಸಿಬಿ ಇಟ್ಟವರು, ಬ್ಯೂಟಿ ಪಾರ್ಲರಿನವರು. ಇವರಿಗೆ ತಿಂಗಳ ಮೊದಲ ತಾರೀಕು ಎಂಬುದಿಲ್ಲ. ಯಾವಾಗ ಬಂತೋ ಆವಾಗಲೇ ಸಂಬಳ.

ಇವರ ಬಾಯಿಂದ ಆದಾಯ ಹೊರಡಿಸುವುದು ಒಂದು ವಿದ್ಯೆ. ಅದನ್ನು ಕಲಿಯಲು ನನಗೆ ಅರ್ಧ ಆಯುಸ್ಸು ಹಿಡಿಯಿತು. "ಏನೂ ಗಿಟ್ಟಲ್ಲ ಸಾ" ಎಂದರೆ ಮನುಷ್ಯ ಈ ವರ್ಷ ಒಂದು ಸೈಟು ಕೊಂಡಿದ್ದಾನೆ ಎಂದು ತಿಳಿಯಬೇಕು. "ಏನೋ ನಡೀತದೆ" ಎಂದರೆ ಹಳೆಯ ಗಾಡಿ ಮಾರಿ ಹೊಸದು ತಂದಿದ್ದಾನೆ. "ಊಟಕ್ಕೆ ತೊಂದರೆ ಇಲ್ಲ" ಎಂದು ಮೆಲ್ಲಗೆ, ನೆಲ ನೋಡಿಕೊಂಡು ಹೇಳಿದರೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ. ಅವನು ತಾಲ್ಲೂಕಿನ ಮುಖ್ಯ ಶ್ರೀಮಂತರಲ್ಲಿ ಒಬ್ಬ. ಹಾಗಲ್ಲದೆ ಎದೆಯುಬ್ಬಿಸಿ "ಸೂಪರ್ ಆಗಿದೆ ಸಾರ್ ಬಿಸಿನೆಸ್" ಎಂದವನು ನಿಜವಾಗಿ ಕಷ್ಟದಲ್ಲಿರುತ್ತಾನೆ. ಅವನಿಂದ ನಾನು ಫೀಸು ಕೇಳುವುದನ್ನೂ ಮುಂದಕ್ಕೆ ಹಾಕುತ್ತೇನೆ. ಯಾರೇ ಬರಲಿ, ಏನೇ ಹೇಳಲಿ, ಕೊನೆಯ ಮಾತು ಒಂದೇ: "ಒಸಿ ಕಮ್ಮಿ ಮಾಡಿಕೊಡಿ." ಕಮ್ಮಿ ಮಾಡುವುದೇ ನನ್ನ ಕಸಬು ಎಂದು ಊರು ತೀರ್ಮಾನಿಸಿಬಿಟ್ಟಿದೆ. ಕಾನೂನು ಬಿಟ್ಟಷ್ಟು ಖರ್ಚನ್ನು ಕಳೆದು ತೋರಿಸುತ್ತೇನೆ, ಅದರ ಮೇಲೆ ಒಂದು ಪೈಸೆಯನ್ನೂ ಅಲುಗಿಸುವುದಿಲ್ಲ. ಆ ವಿಷಯದಲ್ಲಿ ನಾನು ಸ್ವಲ್ಪ ಹೆದರುಪುಕ್ಕಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ಹೆಸರುಗಳನ್ನು ಬದಲಾಯಿಸಿದ್ದೇನೆ. ಅಂಕಿಗಳನ್ನು ಹೇಳುವುದೇ ಇಲ್ಲ. ಕಕ್ಷಿದಾರರ ಗುಟ್ಟನ್ನು ಬಿಟ್ಟುಕೊಡದವನು ಎಂಬುದೊಂದೇ ನನ್ನ ಆಸ್ತಿ. ನನ್ನ ಹೆಂಡತಿ ಸರೋಜಳಿಗೂ ಯಾರ ಲೆಕ್ಕವನ್ನೂ ಹೇಳಿದವನಲ್ಲ. ನನ್ನ ಲೆಕ್ಕವನ್ನು ಹೇಳಬಹುದಿತ್ತು, ಆದರೆ ಅವಳು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಮನೆಗೆ ಬೇಕಾದ್ದು ಬರುತ್ತಿತ್ತು, ಬೇಡವಾದ್ದು ಬರುತ್ತಿರಲಿಲ್ಲ. ಅವಳ ತವರು ಚನ್ನರಾಯಪಟ್ಟಣ. ಅಲ್ಲಿ ನನಗೆ ಸಿಗುವ ಮರ್ಯಾದೆಯನ್ನು ನೀವು ನೋಡಬೇಕು. ಯಾವ ಸಮಾರಂಭವಾಗಲಿ, ಮೊದಲ ಪಂಕ್ತಿಯಲ್ಲಿ ನನಗೆ ಎಲೆ. ಅವಳ ಅಕ್ಕನ ಗಂಡ ನಾಗರಾಜ, ಕೊಬ್ಬರಿ ವ್ಯಾಪಾರದಲ್ಲಿ ಚೆನ್ನಾಗಿ ಕುದುರಿಕೊಂಡವರು, ನನ್ನ ಪಕ್ಕದಲ್ಲೇ ಬಂದು ಕೂತು ದನಿ ತಗ್ಗಿಸಿ, "ಬೂವನಹಳ್ಳಿ ಏರ್‌ಪೋರ್ಟ್ ಹತ್ರ ನೀವು ಯಾವ ಕಡೆ ಸೈಟು ತಗೊಂಡಿದೀರಿ? ನಮಗೂ ಒಂದು ಮಾತು ಹೇಳಬಾರದಿತ್ತಾ?" ಎಂದು ಕೇಳುತ್ತಿದ್ದರು. ಷಡ್ಡಕನ ತಮಾಷೆ ಎಂದು ನಾನು ನಕ್ಕುಬಿಡುತ್ತಿದ್ದೆ. ಈ ಗೌರವವೆಲ್ಲ ನನ್ನ ತೆರಿಗೆ ಜ್ಞಾನಕ್ಕೆ ಸಲ್ಲುತ್ತಿರುವುದು ಎಂದುಕೊಂಡು ಒಳಗೊಳಗೇ ಬೀಗುತ್ತಲೂ ಇದ್ದೆ.

ಇಂಥ ನನ್ನ ಆಫೀಸಿಗೆ ಒಂದು ದಿನ ಲೋಕೇಶ ಬಂದ. ಹಳ್ಳಿಮೈಸೂರು ಕಡೆಯ ಹುಡುಗ. ಹುಡುಗ ಎಂದೆ, ಮೂವತ್ತು ದಾಟಿದೆ. ಕೊಳವೆಬಾವಿಯೊಳಗೆ ಮೋಟರು ಕೆಟ್ಟು ನಿಂತರೆ ಅದನ್ನು ನೆಲದಾಳದಿಂದ ಎತ್ತಿ, ರಿಪೇರಿ ಮಾಡಿಸಿ, ಮತ್ತೆ ಇಳಿಸಿ ನೀರು ಬರಿಸುವುದು ಅವನ ಕಸಬು. ಸುತ್ತಿನ ಹಳ್ಳಿಗಳಲ್ಲಿ ಅವನಿಗೆ 'ಮೋಟ್ರು ಲೋಕೇಶ' ಎಂದೇ ಹೆಸರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಉಗುರಿನ ಸಂದಿಯ ಗ್ರೀಸು ಮಾತ್ರ ಹೋಗಿರಲಿಲ್ಲ. ನಾನು ಎಂದಿನಂತೆ ಕೇಳಬೇಕಾದ್ದೆಲ್ಲ ಕೇಳಿ, ಬ್ಯಾಂಕಿನ ವಿವರ ನೋಡಿ, ಖರ್ಚು ಕಳೆದು, ಸಂತೋಷದ ಸುದ್ದಿ ಹೇಳುವ ದನಿಯಲ್ಲಿ "ನಿನಗೆ ತೆರಿಗೆಯೇ ಬೀಳೋದಿಲ್ಲಪ್ಪ" ಎಂದೆ. ಈ ಮಾತು ಕೇಳಿ ನನ್ನ ಮೇಜಿಗೆ ಕೈಮುಗಿದವರಿದ್ದಾರೆ. ಲೋಕೇಶನ ಮುಖ ಇಳಿದುಹೋಯಿತು.

"ಒಸಿನೂ ಬೀಳಕಿಲ್ವಾ ಸಾ?"

"ಇಲ್ಲ."

"ಅಂಗನ್ಬ್ಯಾಡಿ ಸಾ. ಏನಾರ ಮಾಡಿ ಒಸಿ ಏರ್ಸಿ. ಎಷ್ಟಾರ ಆಗ್ಲಿ, ಕಟ್ಬುಡ್ತೀನಿ."

ನನ್ನ ಕಿವಿಯ ಮೇಲೆ ನನಗೇ ನಂಬಿಕೆ ಬರಲಿಲ್ಲ. ಇಷ್ಟು ವರ್ಷಗಳಲ್ಲಿ ತೆರಿಗೆಯನ್ನು ಏರಿಸಿ ಎಂದು ಕೇಳಿಕೊಂಡು ನನ್ನ ಮೆಟ್ಟಿಲು ಹತ್ತಿದ ಮನುಷ್ಯ ಇವನೊಬ್ಬನೇ. ಈ ದೇಶವನ್ನು ಇಷ್ಟು ಪ್ರೀತಿಸುವವನು ನಮ್ಮ ತಾಲ್ಲೂಕಿನಲ್ಲೇ ಇದ್ದಾನಲ್ಲ ಎಂದು ರೋಮಾಂಚನವಾಯಿತು. ಎದ್ದು ನಿಲ್ಲೋಣವೇ ಎನಿಸಿತು. ಅಷ್ಟರಲ್ಲಿ ಅವನು ಕಾರಣ ಹೇಳಿದ. ಅರಕಲಗೂಡಿನಲ್ಲಿ ಹೆಣ್ಣು ನೋಡಿಕೊಂಡು ಬಂದಿದ್ದಾನೆ. ತಂದೆ ಇಲ್ಲದ ಹುಡುಗಿ, ಸೋದರಮಾವನದೇ ಮಾತು. ಆ ಮಾವ ಕಾಫಿ ಕುಡಿದು ಲೋಟ ಕೆಳಗಿಟ್ಟವರೇ, "ಸ್ವಂತ ಕೆಲ್ಸ ಅಂತೀರಿ. ಸರಿ. ಐಟಿ ರಿಟರ್ನ್ ತೋರ್ಸಿ" ಎಂದಿದ್ದಾರೆ.

"ಇದಕ್ಕೆ ಮುಂಚೆ ನೋಡಿದ್ವಲ್ಲ ಸಾ, ಅವ್ರೆಲ್ಲ ಕೆಲ್ಸ ಏನು ಅಂತ ಕೇಳವ್ರು. ಮೋಟ್ರು ಎತ್ತೀನಿ ಅಂದ್ರೆ, ಅದಿರ್ಲಿ, ಕೆಲ್ಸ ಏನು ಅಂತ ಇನ್ನೊಂದ್ಸಲ ಕೇಳವ್ರು" ಎಂದ ಲೋಕೇಶ. "ಟ್ಯಾಕ್ಸೇ ಇಲ್ದಿರೋ ಪೇಪರ್ ತಕ್ಕೊಂಡೋದ್ರೆ, ಇವ್ನು ಗೌರ್ಮೆಂಟ್ ಲೆಕ್ಕದಲ್ಲೂ ಖಾಲಿ ಕೂತವ್ನೆ ಅನ್ಕತಾರೆ."

ದೇಶಭಕ್ತಿ ಅಲ್ಲ ಎಂದು ಗೊತ್ತಾದರೂ ನನ್ನ ಬೆರಗೇನೂ ಇಳಿಯಲಿಲ್ಲ. ಇದ್ದದ್ದನ್ನು ಇಳಿಸಿ ತೋರಿಸುವುದು ಹೇಗೆ ತಪ್ಪೋ ಇಲ್ಲದ್ದನ್ನು ಏರಿಸಿ ತೋರಿಸುವುದೂ ಹಾಗೇ ತಪ್ಪು ಎಂದು ಅವನಿಗೆ ಬಿಡಿಸಿ ಹೇಳಿದೆ. ಅವನು ಬಿಡಲಿಲ್ಲ. ಎಷ್ಟೋ ರೈತರು ದುಡ್ಡಿನ ಬದಲು ಬೆಳೆ ಬಂದಾಗ ಆಲೂಗಡ್ಡೆ ಮೂಟೆ, ರಾಗಿ, ಕಾಯಿ ಕೊಡುತ್ತಾರಂತೆ. ಅದನ್ನು ಸೇರಿಸಿ ಎಂದ. ಕೂಲಿಗೆ ಬದಲಾಗಿ ಕೊಟ್ಟಿದ್ದರೆ ಅದೂ ಆದಾಯವೇ, ಪ್ರೀತಿಗೆ ಕೊಟ್ಟಿದ್ದರೆ ಅಲ್ಲ, ಯಾವುದು ಯಾವುದು ಹೇಳು ಎಂದೆ. ಅವನು ತಲೆ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿದ. ಆಲೂಗಡ್ಡೆ ಕೂಲಿ ಎಂದ. ರಾಗಿ ಕೂಲಿ. ಹುಂಜ ಒಂದು ಬಂದಿತ್ತು, ಅದು ಮಾತ್ರ ಗೊತ್ತಾಗುತ್ತಿಲ್ಲ ಎಂದ. ಕೊಟ್ಟವರನ್ನೇ ಕೇಳಿಕೊಂಡು ಬರಲೇ ಎಂದು ಎದ್ದೂ ನಿಂತ. ಬೇಡ ಕೂತ್ಕೋ ಎಂದೆ. ಹುಂಜ ಪ್ರೀತಿಯ ಲೆಕ್ಕಕ್ಕೆ ಹೋಯಿತು. ಎಲ್ಲ ಸೇರಿಸಿದ ಮೇಲೂ ಮೊತ್ತ ತೆರಿಗೆಯ ಗೆರೆಯನ್ನು ಮುಟ್ಟಲಿಲ್ಲ.

"ಹುಡುಗಿ ಒಪ್ಪಿದ್ದಾಳಾ?" ಎಂದು ಕೇಳಿದೆ. ರಿಟರ್ನ್ ತುಂಬಲು ಆ ಪ್ರಶ್ನೆ ಅಗತ್ಯವಿರಲಿಲ್ಲ.

ಲೋಕೇಶ ನೆಲ ನೋಡಿದ. "ಗೊತ್ತಿಲ್ಲ ಸಾ. ಮಾತಾಡ್ಲಿಲ್ಲ. ಬ್ಲೌಸ್ ಹೊಲಿಯೋ ಕೆಲ್ಸ ಆವಮ್ಮಂದು. ಕಾಫಿ ಕೊಟ್ಬುಟ್ಟು ನಮ್ಮವ್ವನ ರವಿಕೆ ತೋಳು ನೋಡುದ್ರು. ಬಿಗಿ ಆಗೈತೆ, ಬಿಚ್ಕೊಟ್ರೆ ಸಡ್ಲ ಮಾಡಿಕೊಡ್ತೀನಿ ಅಂದ್ರು. ಅವ್ವ ಆ ತೋಳ್ನಾಗೆ ಕೈ ಎತ್ತಕಾಯ್ತಿಲ್ಲ ಅಂತ ವರ್ಸದಿಂದ ಗೊಣಗ್ತಾ ಇತ್ತು. ನಂಗೇ ಗೊತ್ತಾಗಿರ್ಲಿಲ್ಲ." ಅವನಿಗೆ ಈ ಸಂಬಂಧ ಎಷ್ಟು ಬೇಕಾಗಿದೆ ಎಂಬುದನ್ನು ತಿಳಿಯಲು ಬೇರೆ ಪುರಾವೆ ಬೇಕಿರಲಿಲ್ಲ. ಇನ್ನೊಂದು ಬ್ಯಾಂಕಿನ ಖಾತೆಯ ವಿವರ ತರುವುದಿತ್ತು. "ಶನಿವಾರ ಬಾ" ಎಂದು ಕಳಿಸಿದೆ.

ಎರಡು ದಿನದಲ್ಲಿ ಆ ಸೋದರಮಾವನೇ ಬಂದರು. ರಾಮೇಗೌಡರು, ಗೊರೂರಿನಲ್ಲಿ ನೀರಾವರಿ ಇಲಾಖೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಮೊದಲೆಲ್ಲ ಗಂಡಿನ ವಿಚಾರಣೆ ಮಾಡುವವರು ಟೀ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಪಕ್ಕದ ಹೊಲದವರಲ್ಲಿ ಕೇಳುತ್ತಿದ್ದರು. ಆ ಪಟ್ಟಿಗೆ ನಾನೂ ಸೇರಿಕೊಂಡದ್ದು ಯಾವಾಗ ಎಂದು ಗೊತ್ತಿಲ್ಲ. ಗೌಡರು ಕೂತು, ಬೆವರು ಒರೆಸಿಕೊಂಡು, ನೇರವಾಗಿ ಕೇಳಿದರು.

"ಮೋಟ್ರು ಲೋಕೇಶ ನಿಮ್ತವ ಬತ್ತಾನಂತೆ. ಹುಡ್ಗ ಎಂಗೆ?"

"ಒಳ್ಳೇ ಹುಡುಗ ಗೌಡ್ರೇ."

"ಒಳ್ಳೇತನ ನಾನೇ ನೋಡಿವ್ನಿ. ದುಡಿಮೆ ಎಂಗೆ?"

"ಅದನ್ನು ನಾನು ಹೇಳೋ ಹಾಗಿಲ್ಲ. ಯಾರ ಲೆಕ್ಕವನ್ನೂ ಯಾರಿಗೂ ಹೇಳಲ್ಲ. ಅದು ನಮ್ಮ ಕಸಬಿನ ನಿಯಮ."

ಗೌಡರು ನನ್ನ ಮುಖವನ್ನೇ ದಿಟ್ಟಿಸಿದರು. "ಯೋಳೋ ಅಂಗಿದ್ರೆ ಯೋಳ್ತಿದ್ರಿ. ಯೋಳೋ ಅಂಗಿಲ್ಲ ಅಂದ್ರೆ ಅಂಗೇ ಇರ್ಬೇಕು. ಬುಡಿ, ಅರ್ಥ ಆಯ್ತು" ಎಂದು ಎದ್ದೇಬಿಟ್ಟರು. ನಾನು ಮೆಟ್ಟಿಲವರೆಗೂ ಹಿಂದೆ ಹೋಗಿ, ಹಾಗಲ್ಲ ಗೌಡ್ರೇ, ನಿಯಮ ಎಲ್ಲರಿಗೂ ಒಂದೇ, ಚೆನ್ನಾಗಿ ದುಡಿಯೋರದ್ದೂ ಹೇಳಲ್ಲ ಎಂದೆ. ಹೇಳಿದಷ್ಟೂ ಅದು ಕೆಡುತ್ತ ಹೋಯಿತು. ಅವರು ಇಳಿದು ಹೋದರು. ಒಬ್ಬ ಪ್ರಾಮಾಣಿಕನ ಮದುವೆಯನ್ನು ಬಾಯಿ ಮುಚ್ಚಿಕೊಂಡೇ ಮುರಿಯಬಹುದು ಎಂದು ನನಗೆ ಆವರೆಗೆ ತಿಳಿದಿರಲಿಲ್ಲ. ಆ ದಿನ ಯಾರ ರಿಟರ್ನೂ ಸರಿಯಾಗಿ ತುಂಬಲಾಗಲಿಲ್ಲ.

ಇಲ್ಲಿಗೆ ನಿಂತಿದ್ದರೂ ಸಾಕಾಗಿತ್ತು. ಮಾರನೆಯ ದಿನ ಒಬ್ಬಳು ಹೆಣ್ಣುಮಗಳು ಒಬ್ಬಳೇ ಬಂದಳು. ಕೈಯಲ್ಲಿ ಬಟ್ಟೆ ಚೀಲ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ತೆಗೆಯಲು ಮರೆತಿದ್ದಳು. ಹೆಸರು ಪವಿತ್ರ, ಅರಕಲಗೂಡಿನಿಂದ ಬಂದಿದ್ದೇನೆ ಎಂದಳು. ಮದುವೆ ಹೆಣ್ಣುಗಳ ರವಿಕೆಗೆ ಮಣಿ, ಜರಿ ಕೂರಿಸುವ ಆರಿ ಕೆಲಸ ಅವಳದು. ಅವಳ ಕೈಕೆಳಗೆ ಮೂರು ಜನ ಹೆಂಗಸರಿದ್ದಾರೆ. ಹಾಸನದ ಬಟ್ಟೆ ಅಂಗಡಿಗಳಿಂದಲೂ ಆರ್ಡರ್ ಬರುತ್ತದೆ. ಹೊಸ ಎಂಬ್ರಾಯ್ಡರಿ ಮಿಷನ್ನಿಗೆ ಬ್ಯಾಂಕು ಸಾಲ ಕೊಡುತ್ತದಂತೆ, ರಿಟರ್ನ್ ಕೇಳಿದ್ದಾರೆ. ಅರಕಲಗೂಡಿನಲ್ಲೇ ಮಾಡಿಸಬಹುದಿತ್ತಲ್ಲ ಎಂದೆ.

"ಅಲ್ಲಿ ಆಡಿಟ್ರು ಮೆಟ್ಲು ಹತ್ತಿದ್ರೆ ಇಳಿಯೋ ಹೊತ್ಗೆ ಊರಿಗೇ ಗೊತ್ತಾಗಿರ್ತದೆ ಸರ್" ಎಂದಳು. ಮೂರೂ ಜನ ಹೆಂಗಸರ ಕೂಲಿ, ದಾರ, ಮಣಿ, ಮಳಿಗೆಯ ಬಾಡಿಗೆ, ಎಲ್ಲವನ್ನೂ ಪಟಪಟನೆ ಹೇಳಿದಳು. ಕಳೆದು ನೋಡಿದೆ. ಮೊತ್ತ ತೆರಿಗೆಯ ಗೆರೆಯನ್ನು ದಾಟಿ ಆಚೆ ನಿಂತಿತ್ತು. ನಾನು ಮನಸ್ಸಿನಲ್ಲೇ ಈ ಹುಡುಗಿಗೆ ಒಂದು ನಮಸ್ಕಾರ ಹಾಕಿದೆ. ಸೂಜಿಯ ಮೊನೆಯಲ್ಲಿ ಇಷ್ಟು ದುಡಿಯುವುದು ಹುಡುಗಾಟವಲ್ಲ.

"ಇದು ಕಮ್ಮಿ ಆಗಲ್ವಾ ಸರ್?" ಎಂದಳು.

ಸದ್ಯ, ಪರಿಚಿತ ಪ್ರಶ್ನೆ ಬಂತು ಎಂದು ನನಗೆ ಹಾಯೆನಿಸಿತು. "ಆಗಲ್ಲಮ್ಮ. ಖರ್ಚೆಲ್ಲ ಕಳೆದಾಯ್ತು. ತೆರಿಗೆ ಇಷ್ಟು ಕಟ್ಟಲೇಬೇಕು."

"ಅಯ್ಯೋ, ತೆರಿಗೆ ಕಮ್ಮಿ ಮಾಡಿ ಅಂತಲ್ಲ ಸರ್. ತೆರಿಗೆ ಪೂರ್ತಿ ಕಟ್ತೀನಿ, ಬೇಕಾದ್ರೆ ಇವತ್ತೇ ಕಟ್ತೀನಿ. ಪೇಪರ್‌ನಲ್ಲಿ ಮಾತ್ರ ಕಮ್ಮಿ ಕಾಣಂಗೆ ಮಾಡಿ."

ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. ತೆರಿಗೆ ಪೂರ್ತಿ, ಆದಾಯ ಕಮ್ಮಿ. ಇಂಥ ಬೇಡಿಕೆಗೆ ಯಾವ ಕಲಮೂ ಇಲ್ಲ. ಕಾಯಿದೆ ಬರೆದವರ ಕಲ್ಪನೆಗೂ ಇದು ಬಂದಿರಲಾರದು.

"ಯಾಕಮ್ಮ?" ಎಂದೆ.

ಅವಳು ಕೊರಳ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ಹಳ್ಳಿಮೈಸೂರು ಕಡೆಯಿಂದ ನೋಡ್ಕಂಡ್ ಹೋಗವ್ರೆ ಸರ್. ಅವ್ರು ಮೋಟ್ರು ಎತ್ತೋ ಕೆಲ್ಸ. ನಮ್ಮ ಮಾವ ಅವ್ರ ಹತ್ರ ಐಟಿ ಪೇಪರ್ ಕೇಳ್ಬಿಟ್ರು. ನಾಳೆ ಅವ್ರ ಕಡೆಯವ್ರೂ ನಂದು ಕೇಳಿದ್ರೆ? ಅವ್ರಿಗಿಂತ ನಂದೇ ಜಾಸ್ತಿ ಇದ್ದು, ಬೇಡ ಅಂದ್ಬಿಟ್ರೆ? ಮೊದ್ಲು ಒಂದು ಸಂಬಂಧ ಹಂಗೇ ಹೋಯ್ತು. ಹೆಣ್ಣು ನಮ್ಮ ಮಾತು ಕೇಳಲ್ಲ ಅಂದ್ಬಿಟ್ರು."

"ಈ ಹುಡುಗ ಹಾಗನ್ನಲ್ಲ ಅಂತ…" ಎಂದು ನನ್ನ ಬಾಯಿಗೇ ಬಂದಿತ್ತು. ನಾಲಿಗೆ ಕಚ್ಚಿಕೊಂಡು, "ನಿಮಗೆ ಅವರು ಒಪ್ಪಿಗೆಯಾ?" ಎಂದು ಕೇಳಿದೆ. ಅಂದಿನಿಂದ ಈ ಪ್ರಶ್ನೆ ನನ್ನ ಆಫೀಸಿನಲ್ಲಿ ರೂಢಿಯಾಗಿಬಿಟ್ಟಿದೆ.

"ಬಂದೋರೆಲ್ಲ ನನ್ನ ನೋಡ್ತಿದ್ರು ಸರ್" ಎಂದಳು ಪವಿತ್ರ. "ಅವ್ರೊಬ್ರು ಒಳಗೆ ನಮ್ಮ ಕೆಲ್ಸದ ಹೆಂಗಸ್ರು ಓಡಿಸ್ತಿದ್ದ ನನ್ನ ಹೊಲಿಗೆ ಮಿಷನ್ ಸದ್ದು ಕೇಳ್ತಾ ಕೂತಿದ್ರು. ಹೋಗೋವಾಗ, ಬೇರಿಂಗ್ ಹೋಗೈತೆ, ಬದ್ಲಾಯಿಸ್ಕಳಿ, ಕೈಗೆ ಆಯಾಸ ಆಗ್ತದೆ ಅಂದ್ರು. ಆರು ತಿಂಗ್ಳಿಂದ ನಂಗೆ ಭುಜ ನೋವು. ವಯಸ್ಸಾಯ್ತೇನೋ ಅನ್ಕಂಡಿದ್ದೆ."

ನನ್ನ ಅವಸ್ಥೆಯನ್ನು ಊಹಿಸಿಕೊಳ್ಳಿ. ಒಬ್ಬನಿಗೆ ಏರಬೇಕು, ಒಬ್ಬಳಿಗೆ ಇಳಿಯಬೇಕು. ಇಬ್ಬರಿಗೂ ಬೇಕಾಗಿರುವುದು ಒಬ್ಬರಿಗೆ ಒಬ್ಬರು. ಅವಳ ಹೆಚ್ಚನ್ನು ತೆಗೆದು ಇವನ ಕೊರತೆಗೆ ಸೇರಿಸಿದರೆ ಇಬ್ಬರೂ ಸುಖವಾಗಿರುತ್ತಾರೆ ಎಂಬ ಪಾಪದ ಯೋಚನೆ ಒಂದು ಗಳಿಗೆ ನನಗೂ ಬಂತು. ಅದಕ್ಕೆ ಸರಿಯಾದ ಹೆಸರು ಮದುವೆ, ಅದನ್ನು ಮಾಡಿಸುವುದು ಪುರೋಹಿತರ ಕೆಲಸ, ನನ್ನದಲ್ಲ. ಬಾಯಿ ಬಿಡುವ ಹಾಗಿಲ್ಲ. ಬಿಡದೆ ಇದ್ದದ್ದಕ್ಕೆ ಆಗಲೇ ಮಾವನವರು ಅಪಾರ್ಥ ಮಾಡಿಕೊಂಡು ಹೋಗಿದ್ದಾರೆ. "ಬಾಡಿಗೆ ರಸೀದಿ ತಗೊಂಡು ಶನಿವಾರ ಬಾಮ್ಮ" ಎಂದೆ.

ಗಮನಿಸಿದಿರಾ? ನನಗೆ ಗಮನಕ್ಕೆ ಬರಲಿಲ್ಲ. ರಿಟರ್ನಿನ ಕೊನೆಯ ದಿನಾಂಕ ಹತ್ತಿರ ಬಂದಾಗ ನನ್ನ ಬಾಯಲ್ಲಿ ಶನಿವಾರ ಬಿಟ್ಟು ಬೇರೆ ವಾರ ಬರುವುದಿಲ್ಲ. ಎಲ್ಲರನ್ನೂ ಶನಿವಾರಕ್ಕೆ ತಳ್ಳಿ ಉಳಿದ ದಿನ ಉಸಿರಾಡುತ್ತೇನೆ.

ಶನಿವಾರ ಬಂತು. ಜೊತೆಗೆ ಎಲ್ಲರೂ ಬಂದರು. ಬೆಳಗಿನ ನೂಕುನುಗ್ಗಲು ಕರಗುವ ಹೊತ್ತಿಗೆ ಆಫೀಸಿನಲ್ಲಿ ಉಳಿದವಳು ಪವಿತ್ರ ಒಬ್ಬಳೇ. ಅವಳ ಮುಖ ಬಾಡಿತ್ತು. ಮಾವ ಮನೆಗೆ ಬಂದು, ಆ ಹುಡುಗನದ್ದು ಏನೋ ಐತೆ, ಆಡಿಟ್ರು ಬಾಯೇ ಬಿಡಲ್ಲ, ಈ ಸಂಬಂಧ ಬೇಡ ಎಂದುಬಿಟ್ಟಿದ್ದಾರಂತೆ. "ಅದ್ಯಾವ ಆಡಿಟ್ರೋ ಸರ್, ಒಂದು ಮಾತು ಹೇಳಿದ್ರೆ ಅವ್ರ ಗಂಟೇನು ಹೋಗ್ತಿತ್ತು?" ಎಂದಳು. ನಾನು ತಲೆ ತಗ್ಗಿಸಿಕೊಂಡು ಕೀಬೋರ್ಡಿನ ಧೂಳು ಒರೆಸಿದೆ. ಆಗ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ಬಾಗಿಲಲ್ಲಿ ಲೋಕೇಶ ನಿಂತಿದ್ದ.

ಲೋಕೇಶ ಬೆಂಚಿನ ಆ ತುದಿಯಲ್ಲಿ ಕೂತ. ಈ ತುದಿಯಲ್ಲಿ ಅವಳು. ನಡುವೆ ಇನ್ನೂ ಮೂರು ಜನ ಕೂರಬಹುದಿತ್ತು. ನಾನು ಕಂಪ್ಯೂಟರಿನ ಪರದೆಯನ್ನು ನೋಡುವವನಂತೆ ನಟಿಸಿದೆ. ಅಲ್ಲಿ ಸರ್ವರು ಸಿಕ್ಕದೆ ಚಕ್ರ ಸುತ್ತುತ್ತಿತ್ತು.

"ಬೇರಿಂಗ್ ಆಕ್ಸುದ್ರಾ?" ಎಂದ ಲೋಕೇಶ, ಗೋಡೆ ನೋಡಿಕೊಂಡು.

"ಹೂಂ. ಅಮ್ಮನ ರವಿಕೆ?"

"ತಂದಿವ್ನಿ. ಗಾಡೀಲೈತೆ. ಈ ಕಡೆಯಿಂದ ಅಂಗೇ ನಿಮ್ಮೂರಿಗೇ ಬರಾನ ಅಂತ." ಉಗುರಿನ ಸಂದಿಯ ಗ್ರೀಸು ಕೆರೆಯುತ್ತ, "ಬರ್ಬೌದೋ ಬರ್ಬಾರ್ದೋ ಗೊತ್ತಾಗ್ಲಿಲ್ಲ. ನಿಮ್ಮ ಮಾವ ಫೋನ್ ಮಾಡಿದ್ರು" ಎಂದ.

ಫ್ಯಾನು ಕಿರುಗುಟ್ಟಿತು. ಅದರ ಬೇರಿಂಗನ್ನೂ ಲೋಕೇಶ ಒಮ್ಮೆ ತಲೆಯೆತ್ತಿ ಗಮನಿಸಿದ. ಪವಿತ್ರ ಕೇಳಿದಳು, "ಇಲ್ಲಿಗೇನು ಬಂದಿದ್ದು?"

"ಐಟಿ. ನಿಮ್ಮ ಮಾವ ಕೇಳಿದ್ರಲ್ಲ. ಏನಾರ ಒಸಿ ಏರ್ಸಿ ಅಂತ ಕೈ ಮುಗ್ದೆ. ಇವ್ರು ಸುತ್ರಾಂ ಒಪ್ಲಿಲ್ಲ." ನನ್ನ ಕಡೆ ಬೆರಳು ತೋರಿಸಿದ. ನಾನು ಪರದೆಗೆ ಇನ್ನೂ ಹತ್ತಿರ ಬಾಗಿದೆ. ಲೋಕೇಶ ಒಂದು ಸಲ ಉಸಿರೆಳೆದುಕೊಂಡು, "ನಂದು ಇಷ್ಟೇಯ" ಎಂದು ತನ್ನ ವರ್ಷದ ಆದಾಯವನ್ನು, ರೂಪಾಯಿಯವರೆಗೂ, ಆಲೂಗಡ್ಡೆ ರಾಗಿ ಸಮೇತ ಹೇಳಿಬಿಟ್ಟ. "ಇದ್ರಲ್ಲಿ ಒಂದು ಹುಂಜ ಸೇರಿಲ್ಲ" ಎಂದೂ ಸೇರಿಸಿದ.

ಈ ಆಫೀಸಿನಲ್ಲಿ, ಈ ತಾಲ್ಲೂಕಿನಲ್ಲಿ, ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ತನ್ನ ನಿಜವಾದ ಆದಾಯವನ್ನು ಗಟ್ಟಿಯಾಗಿ ಹೇಳಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ನನಗೇ ಹೇಳಲು ಅವರೆಲ್ಲ ಎಷ್ಟು ಸತಾಯಿಸುತ್ತಾರೆ! ಪವಿತ್ರ ಅಂದೂ ಕೊರಳಲ್ಲೇ ಉಳಿದಿದ್ದ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅವಳು ಸುಮ್ಮನೆ ಇದ್ದುಬಿಡಬಹುದಿತ್ತು. ಯಾರೂ ಅವಳನ್ನು ಕೇಳಿರಲಿಲ್ಲ.

"ನಂದು ಅದಕ್ಕಿಂತ ಜಾಸ್ತಿ" ಎಂದಳು. "ನಾನು ಇಳ್ಸಿ ಅಂತ ಕೇಳಿದ್ದೆ. ಇವ್ರು ಅದಕ್ಕೂ ಒಪ್ಲಿಲ್ಲ." ಅವಳೂ ತನ್ನ ಅಂಕಿಯನ್ನು ಹೇಳಿದಳು. ಕೊನೆಯ ರೂಪಾಯಿಯವರೆಗೆ ಹೇಳಿಯೇ ನಿಲ್ಲಿಸಿದಳು.

ಲೋಕೇಶ ಯೋಚಿಸುತ್ತ ಕೂತ. ಹುಬ್ಬು ಗಂಟಿಕ್ಕಿತು. ದೇವರೇ, ಈ ಹುಡುಗನ ಬಾಯಿಂದ ಈಗ ಒಂದು ಕೆಟ್ಟ ಮಾತು ಬಾರದಿರಲಿ ಎಂದು ನಾನು ಪರದೆಯ ಚಕ್ರಕ್ಕೇ ಕೈಮುಗಿದೆ. ಪವಿತ್ರ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು, ಹೊರಟವಳ ಹಾಗೆ. ಕೊನೆಗೆ ಅವನು ಮುಖವೆತ್ತಿದ.

"ಅಂಗಾರೆ ನಿಮ್ಗೆ ಟ್ಯಾಕ್ಸ್ ಬೇರೆ ಬೀಳ್ತದಲ್ರೀ, ಪಾಪ!"

ಅವಳು ಅವನನ್ನೇ ನೋಡಿದಳು. ಅವನ ಮುಖದಲ್ಲಿ ಕನಿಕರ ಬಿಟ್ಟು ಬೇರೇನೂ ಇರಲಿಲ್ಲ. ಅವಳಿಗೆ ನಗು ಬಂತು, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಅವನಿಗೆ ಯಾಕೆ ಎಂದು ತಿಳಿಯದೆ ಅವನೂ ನಕ್ಕ. ನಾನು ಸರ್ವರನ್ನು ಬೈಯುವ ನೆಪ ಮಾಡಿಕೊಂಡು ವರಾಂಡಕ್ಕೆ ಹೋದೆ. ನನ್ನ ಕಣ್ಣೂ ಒದ್ದೆಯಾಗಿತ್ತು, ಅದನ್ನು ಗೊಬ್ಬರದ ಅಂಗಡಿಯ ಲೆಕ್ಕಕ್ಕೆ ಹಾಕಿದೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಮೆಟ್ಟಿಲಿಳಿದು, ಅವನ ಗಾಡಿಯಿಂದ ರವಿಕೆ ತೆಗೆದು, ನಡುರಸ್ತೆಯಲ್ಲಿ ಅದರ ತೋಳನ್ನು ಬಿಡಿಸಿ ನೋಡುತ್ತ ನಿಂತಿದ್ದರು. ಬಸ್ಸೊಂದು ಹಾರನ್ ಹೊಡೆದು ಸುತ್ತುಹಾಕಿಕೊಂಡು ಹೋಯಿತು. ಮಾವನನ್ನು ಅವರೇ ಒಪ್ಪಿಸಿದರು. ಗೌಡರು ಲಗ್ನಪತ್ರಿಕೆ ಕೊಡಲು ಬಂದಾಗ, "ನಮ್ಮ ಹುಡ್ಗಿ ಲೆಕ್ಕಾನೂ ನೀವು ಬಾಯಿ ಬುಟ್ಟಿಲ್ವಂತೆ. ಕಡೆಗೂ ಒಬ್ಬ ಗಟ್ಟಿ ಆಸಾಮಿ ಕಂಡೆ ಕಣ್ರೀ" ಎಂದು, ತಮ್ಮ ಪಿಂಚಣಿಯ ಲೆಕ್ಕವನ್ನೂ ನನಗೇ ವಹಿಸಿಹೋದರು.

ಆ ಶನಿವಾರ ಸಂಜೆ ಮನೆಗೆ ಹೋಗುವಾಗ ನನ್ನ ತಲೆಯಲ್ಲಿ ಒಂದೇ ಯೋಚನೆ. ಇನ್ನೂ ಮದುವೆಯೇ ಆಗದ ಇಬ್ಬರು ಒಂದು ಬೆಂಚಿನ ಮೇಲೆ ಮಾಡಿದ್ದನ್ನು ನಾನು ಇಷ್ಟು ವರ್ಷದ ಸಂಸಾರದಲ್ಲಿ ಮಾಡಿಲ್ಲವಲ್ಲ! ಸರೋಜ ಕಾಫಿ ತಂದಿಟ್ಟ ಕೂಡಲೇ, ಪೀಠಿಕೆಯಿಲ್ಲದೆ, ನನ್ನ ವರ್ಷದ ಆದಾಯವನ್ನು ರೂಪಾಯಿಯವರೆಗೂ ಹೇಳಿಬಿಟ್ಟೆ. ಹೇಳಿ, ಲೋಕೇಶನ ಹಾಗೆ ಮುಖವೆತ್ತಿ ಕಾದೆ. ಅವಳ ಕಣ್ಣಲ್ಲೂ ನೀರು ಬರಬಹುದು ಎಂದು ನನ್ನ ನಿರೀಕ್ಷೆ.

ಸರೋಜ ಎದ್ದು ಹೋಗಿ ಬೀದಿ ಕಡೆಯ ಕಿಟಕಿಯನ್ನು ಮುಚ್ಚಿ ಬಂದಳು.

"ಅಷ್ಟೇನಾ?" ಎಂದಳು. "ಮೆಲ್ಲಗೆ ಮಾತಾಡಬಾರದಾ? ನಾನು ನಮ್ಮಕ್ಕನ ಹತ್ರ ಅದರ ಮೂರರಷ್ಟು ಹೇಳಿಬಿಟ್ಟಿದೀನಿ. ಬೂವನಹಳ್ಳಿ ಹತ್ರ ಎರಡು ಸೈಟು ಬೇರೆ ಹೇಳಿದೀನಿ." ಮೊದಲ ಪಂಕ್ತಿಯ ಎಲೆಗಳೆಲ್ಲ ಒಂದೊಂದಾಗಿ ನನ್ನ ಕಣ್ಣ ಮುಂದೆ ಬಂದವು. ಅವಳು ನನ್ನ ಹತ್ತಿರ ಸರಿದು ಕೂತು, ಮೃದುವಾಗಿ ಕೇಳಿದಳು. "ಏನಾದರೂ ಮಾಡಿ ಸ್ವಲ್ಪ ಏರಿಸೋಕಾಗಲ್ವಾ?"

"ಆಗಲ್ಲ" ಎಂದೆ.

"ಹಾಗಾದ್ರೆ ಅಕ್ಕನ ಮನೆ ಗೃಹಪ್ರವೇಶ ಆಗೋವರೆಗೂ ಯಾರ ಹತ್ರಾನೂ ಬಾಯಿ ಬಿಡಬೇಡಿ. ಊರವರ ಗುಟ್ಟೆಲ್ಲ ಕಾಪಾಡ್ತೀರಂತೆ. ನನ್ನದೊಂದು ಕಾಪಾಡಿ."

ಗೃಹಪ್ರವೇಶಕ್ಕೆ ಹೋದೆವು. ಮೊದಲ ಪಂಕ್ತಿಯಲ್ಲೇ ಎಲೆ ಹಾಕಿದರು. ನಾಗರಾಜ ಪಕ್ಕದಲ್ಲಿ ಕೂತು, ಅವರ ಹೆಂಡತಿ ಪಾಯಸ ಬಡಿಸುತ್ತಿರುವಾಗ, ದನಿ ತಗ್ಗಿಸಿ ಕೇಳಿದರು. "ಈ ವರ್ಷ ಹೇಗೆ ನಿಮ್ಮದು?" ಎದುರಿಗೆ ಹೆಂಗಸರ ನಡುವೆ ನಿಂತಿದ್ದ ಸರೋಜ ನನ್ನನ್ನೇ ನೋಡುತ್ತಿದ್ದಳು. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಎಲೆಯನ್ನು ನೋಡಿಕೊಂಡು, ಮೆಲ್ಲಗೆ, ನಿಜವನ್ನೇ ಹೇಳಿದೆ.

"ಏನೋ, ಊಟಕ್ಕೆ ತೊಂದರೆ ಇಲ್ಲ."

ನಾಗರಾಜ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟರು. ಹೆಂಡತಿಯ ಕಡೆ ತಿರುಗಿ, "ನೋಡಿದ್ಯಾ, ನೋಡಿದ್ಯಾ? ಎಷ್ಟಿರಬೇಕು ಹಾಗಾದ್ರೆ!" ಎಂದು ಪಿಸುಗುಟ್ಟಿ, ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿಸಿದರು.